ಮೀನಿನ ಹೊಟ್ಟೆಯ ಹಾಡು

ಗಂಟಲಿನ ಧ್ವನಿಪೆಟ್ಟಿಗೆಯನ್ನು ಪೂರ್ತಿಯಾಗಿ ತೆಗೆಯದೆ ಬೇರೆ ದಾರಿಯಿಲ್ಲ ಎಂದು ಡಾಕ್ಟರು ಹೇಳಿ ಮುಗಿಸಿದಾಗ ಗುಬ್ಬಿ ಕೇಳಿದ್ದು ಒಂದೇ ಪ್ರಶ್ನೆ.

“ಆಮೇಲೆ ಹಾಡೋಕಾಗುತ್ತಾ?”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮಾತೇ ಇರಲ್ಲಮ್ಮ. ಕತ್ತಿನ ಮುಂದೆ ಒಂದು ತೂತು ಮಾಡ್ತೀವಿ, ಉಸಿರಾಟ ಅಲ್ಲಿಂದ. ಅಭ್ಯಾಸ ಆದ್ಮೇಲೆ ಸಣ್ಣದೊಂದು ಯಂತ್ರ ಒತ್ತಿಟ್ಕೊಂಡು ನಾಲ್ಕು ಮಾತು ಆಡಬಹುದು. ಹಾಡು ಅಂದ್ರೆ…”

“ಹಾಗಾದ್ರೆ ಬೇಡ ಬಿಡಿ.”

ಅಂಗಡಿಯಲ್ಲಿ ಬಟ್ಟೆಯ ಬಣ್ಣ ಒಪ್ಪಿಗೆಯಾಗದೆ ಎದ್ದು ಬರುವವಳ ಹಾಗೆ ಅವಳು ಕೈಚೀಲ ಎತ್ತಿಕೊಂಡು ಹೊರಗೆ ನಡೆದಳು.

ಅವಳ ಗಂಡ ಕುರ್ಚಿಯ ತುದಿಯಲ್ಲೇ ಉಳಿದ. ಊರಿಗೆಲ್ಲ ಅವನು ಗಾಜಿನವ. ಕಿಟಕಿಗೆ, ಕಪಾಟಿಗೆ, ಅಂಗಡಿಗಳ ಮುಂಭಾಗಕ್ಕೆ ಗಾಜು ಕತ್ತರಿಸಿ ಕೂರಿಸುವುದು ಅವನ ಕಸುಬು. ಡಾಕ್ಟರು ಅವನ ಕಡೆ ತಿರುಗಿ ದನಿ ತಗ್ಗಿಸಿದರು. “ನೀವಾದ್ರೂ ಹೇಳಿ. ಗೆಡ್ಡೆ ಉಸಿರಿನ ದಾರಿಗೇ ಅಡ್ಡ ಬೆಳೀತಿದೆ. ಮುಂದಿನ ವಾರ ಕೊಯ್ದರೆ ಬೇರುಸಮೇತ ತೆಗೆಯೋ ಅವಕಾಶ ಇದೆ. ತಡವಾದ್ರೆ ನನ್ನ ಕೈಯಲ್ಲೂ ಇಲ್ಲ.”

“ಹೇಳ್ತೀನಿ ಡಾಕ್ಟ್ರೇ” ಎಂದ. ಹೇಗೆ ಹೇಳುವುದು ಎಂಬುದು ಮಾತ್ರ ತಿಳಿಯಲಿಲ್ಲ. ಗುಬ್ಬಿ ಬೇಡವೆಂದದ್ದನ್ನು ಬೇಕೆನ್ನಿಸಿದವರು ಈವರೆಗೆ ಯಾರೂ ಹುಟ್ಟಿರಲಿಲ್ಲ.

ಗುಬ್ಬಿ ಎಂಬುದು ಅವಳ ಅಣ್ಣ ಇಟ್ಟ ಅಡ್ಡಹೆಸರು. ಹಿಡಿಯಷ್ಟು ಮೈ, ಬೀದಿ ದಾಟಿ ಕೇಳುವ ದನಿ. ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಕೆಲಸ. ಆಪರೇಷನ್ ಕೋಣೆಯಿಂದ ಮುದ್ದೆಯಾಗಿ ಬರುವ ಹಸಿರು ಬಟ್ಟೆಗಳನ್ನು ಒಗೆಯುವ ಯಂತ್ರಕ್ಕೆ ತುಂಬುತ್ತ, ಬಿಸಿ ಹಾಸಿಗೆ ಬಟ್ಟೆಗಳನ್ನು ಜೊತೆಯವಳೊಂದಿಗೆ ಎಳೆದು ಮಡಿಸುತ್ತ ಅವಳು ಹಾಡುತ್ತಿದ್ದಳು. ಯಂತ್ರಗಳ ಗದ್ದಲದ ಮೇಲೂ ಅದು ಕೇಳುತ್ತಿತ್ತು. ರಕ್ತಕ್ಕೆ, ಚಾಕುವಿಗೆ ಹೆದರುವ ಹೆಂಗಸಲ್ಲ ಅವಳು. ಅವಳು ಹೆದರಿದ್ದು ಬೇರೆಯದಕ್ಕೆ.

ಅವಳಿಗೆ ಇನ್ನೂ ಇಪ್ಪತ್ತು ತುಂಬದ ಕಾಲದ ಮಾತು. ಅಣ್ಣ ರೇಡಿಯೋ ರಿಪೇರಿ ಮಾಡುತ್ತಿದ್ದ, ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ. ಒಮ್ಮೆ ಜ್ವರ ತಲೆಗೇರಿ ಮಲಗಿದವನು ಎದ್ದಾಗ ಬೇರೆಯೇ ಮನುಷ್ಯನಾಗಿದ್ದ. ಬೈಬಲ್ಲಿನ ಯೋನನ ಹಾಗೆ ತಾನೂ ಮೀನಿನ ಹೊಟ್ಟೆಯೊಳಗೆ ಇದ್ದು ಬಂದೆನೆಂದೂ, ಅಲ್ಲಿ ಕೇಳಿದ್ದನ್ನು ಕೇಳಿಸದಿದ್ದರೆ ತನಗೆ ನಿದ್ದೆ ಬಾರದೆಂದೂ ಹೇಳಿದ. ಚರ್ಚಿನ ನೆಲಮಾಳಿಗೆಯಲ್ಲಿ, ಮುರಿದ ಬೆಂಚುಗಳ ನಡುವೆ, ನಾಲ್ವರು ಸೇರಿದರು. ಅಣ್ಣನ ಗಿಟಾರು, ಗುಬ್ಬಿಯ ದನಿ, ಒಬ್ಬ ಗೆಳೆಯನ ಕೊಳಲು, ಆಗ ಗಾಜಿನ ಕೆಲಸ ಕಲಿಯುತ್ತಿದ್ದ ಇವನ ಡ್ರಮ್ಮು. ಅಣ್ಣ ಗಿಟಾರಿನ ತಂತಿಯನ್ನು ಹರಿದ ಸ್ಪೀಕರಿಗೆ ಜೋಡಿಸಿ ಅದನ್ನು ಗೂಳಿಯ ಹಾಗೆ ಗುಟುರು ಹಾಕಿಸಿದ. ಆರ್ಗನ್ನಿನ ನಾದವನ್ನು ಟೇಪಿಗೆ ಹಿಡಿದು ಹಿಂದುಮುಂದಾಗಿ ಓಡಿಸಿದ. ಗುಬ್ಬಿಯನ್ನು ಖಾಲಿ ನೀರಿನ ತೊಟ್ಟಿಯೊಳಗೆ ನಿಲ್ಲಿಸಿ ಹಾಡಿಸಿದ. ಸಿಗರೇಟು ಕೂಡ ಮುಟ್ಟದವನು ಮಾಡಿದ ಆ ಸಂಗೀತ ಕೇಳಿದರೆ ಕುಡಿಯದವರ ತಲೆಯೂ ತಿರುಗುತ್ತಿತ್ತು.

ಎಲ್ಲ ಕಂಪನಿಗಳೂ ಬೇಡವೆಂದವು. ಅಣ್ಣ ತಾನೇ ಕಾರ್ಖಾನೆಗೆ ಹೋಗಿ ಕೆಲವೇ ನೂರು ರೆಕಾರ್ಡು ಅಚ್ಚು ಹಾಕಿಸಿ ತಂದ. ಬಿಳಿ ಹೊದಿಕೆಯ ಮೇಲೂ ರೆಕಾರ್ಡಿನ ನಡುವಿನ ಚೀಟಿಯ ಮೇಲೂ ರಬ್ಬರಿನಲ್ಲಿ ಕೆತ್ತಿದ ಮೀನಿನ ಮುದ್ರೆಯನ್ನು ನಾಲ್ವರೂ ಕೂತು ಒತ್ತಿದರು. ‘ಮೀನಿನ ಹೊಟ್ಟೆ’ ಎಂದು ಹೆಸರು. ಚರ್ಚಿನ ಹಿರಿಯರು ಒಂದು ಹಾಡು ಕೇಳುವಷ್ಟರಲ್ಲೇ ಕಿವಿ ಮುಚ್ಚಿಕೊಂಡರು. ದೇವರ ಹೆಸರಿನಲ್ಲಿ ಸೈತಾನನ ಸದ್ದು ಎಂದರು. ಮಾರಿದ್ದು ಬೆರಳೆಣಿಕೆ. ಉಳಿದವು ನೆಲಮಾಳಿಗೆಯಲ್ಲಿ ಕೂತು, ನೀರಿನ ಕೊಳವೆ ಒಡೆದಾಗ ಹೊದಿಕೆಗಳೆಲ್ಲ ಕೊಳೆತು, ಗುಜರಿಗೆ ಹೋದವು. ಮರುವರ್ಷ ಅಣ್ಣನ ಸೈಕಲ್ಲಿಗೆ ಲಾರಿ ಬಡಿಯಿತು. ಸಮಾಧಿಯ ಪಕ್ಕ ನಿಂತು ಗುಬ್ಬಿ, ಯಾರ ಅಪ್ಪಣೆಯನ್ನೂ ಕೇಳದೆ, ಅವನ ಹಾಡನ್ನೇ ಹಾಡಿದಳು. ಹಿರಿಯರೂ ತಲೆ ತಗ್ಗಿಸಿ ಕೇಳಿದರು.

ಡಾಕ್ಟರ ಕೋಣೆಯಿಂದ ಮನೆಗೆ ಬಂದ ಸಂಜೆ ಮಗಳು ಓಡಿಬಂದಳು. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಮಗಳಿಗೆ ಎಲ್ಲಕ್ಕೂ ಉತ್ತರವಿರಲೇಬೇಕು.

“ಅಮ್ಮ, ದನಿ ಮುಖ್ಯಾನಾ, ಜೀವ ಮುಖ್ಯಾನಾ?”

“ಎರಡೂ ಬೇರೆ ಬೇರೆ ಅಂತ ನಿನಗೆ ಹೇಳಿದ್ದು ಯಾರು?” ಗುಬ್ಬಿಯ ದನಿ ಆಗಲೇ ಒಣಮರಕ್ಕೆ ಗರಗಸ ಎಳೆದ ಹಾಗಿತ್ತು.

“ನನ್ನ ಮುಖ ನೋಡಿಯಾದ್ರೂ ಒಪ್ಕೋ.”

“ನಿನ್ನ ಮುಖಾನೇ ನೋಡ್ತಿದ್ದೀನಿ. ಮೂಗು ಸೋರ್ತಿದೆ, ಒರೆಸ್ಕೋ.”

ಮಗಳು ಅಳುತ್ತಲೇ ನಕ್ಕಳು, ನಗುತ್ತಲೇ ಮತ್ತೆ ಅತ್ತಳು, ಕೊನೆಗೆ ಬಾಗಿಲು ಬಡಿದುಕೊಂಡು ಹೋದಳು. ಗಾಜಿನವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, “ನನಗೋಸ್ಕರ?” ಎಂದಷ್ಟೇ ಕೇಳಿದ.

“ಅಣ್ಣ ಹೋದಾಗ ಏನು ಉಳೀತು, ನೀವೇ ಹೇಳಿ. ಅಂಗಡಿ ಹೋಯ್ತು, ರೆಕಾರ್ಡು ಹೋಯ್ತು. ಅವನು ಕೇಳಿಸ್ಕೊಂಡಿದ್ದು ಇನ್ನೂ ಇರೋದು ಇಲ್ಲಿ ಮಾತ್ರ.” ಗುಬ್ಬಿ ಗಂಟಲ ಮೇಲೆ ಬೆರಳಿಟ್ಟಳು. “ಇದನ್ನ ಕೊಯ್ದು ಬಕೆಟ್ಟಿಗೆ ಹಾಕ್ತಾರೆ. ಆ ಬಕೆಟ್ಟನ್ನ ನಾನು ದಿನಾ ನೋಡ್ತೀನಿ ರೀ. ಅವನನ್ನ ಎರಡನೇ ಸಲ ಮಣ್ಣು ಮಾಡಲಾರೆ.”

ಅವಳ ಉಸಿರಿನಲ್ಲಿ ಆಗಲೇ ಒಂದು ಸಣ್ಣ ಸಿಳ್ಳೆ ಸೇರಿಕೊಂಡಿತ್ತು. ಗಾಜಿನವನಿಗೆ ತೋಚಿದ್ದು ಒಂದೇ. ಹಾಡು ಇನ್ನೆಲ್ಲಾದರೂ ಉಳಿದಿದೆಯೆಂದು ತೋರಿಸಿಬಿಟ್ಟರೆ, ಗಂಟಲನ್ನು ಬಿಟ್ಟುಕೊಟ್ಟಾಳು. ರೆಕಾರ್ಡು ಬೇಕು. ಮಗಳು ಕಂಪ್ಯೂಟರಿನಲ್ಲಿ ಹುಡುಕಿದಳು. ಅದರ ಹೊದಿಕೆಯ ಮಸುಕು ಚಿತ್ರವೊಂದು ಸಿಕ್ಕಿತು. ಇಂಥದೊಂದು ಸಿಕ್ಕರೆ ಪುಣ್ಯ ಎಂದು ಯಾರು ಯಾರೋ ಬರೆದ ಮಾತುಗಳು ಸಿಕ್ಕವು. ದನಿ ಮಾತ್ರ ಎಲ್ಲೂ ಇರಲಿಲ್ಲ.

ಬೆಳಿಗ್ಗೆ ಅವನು ಹಳೇ ಗೆಳೆಯನ ಅಂಗಡಿಗೆ ಹೋದ. ಕೊಳಲು ನುಡಿಸುತ್ತಿದ್ದವನನ್ನು ಈಗಲೂ ಎಲ್ಲರೂ ಕೊಳಲು ಎಂದೇ ಕರೆಯುತ್ತಿದ್ದರು, ಕ್ಷೌರದ ಕತ್ತರಿ ಹಿಡಿದು ಎಷ್ಟೋ ವರ್ಷವಾಗಿದ್ದರೂ. ಅಂಗಡಿಯ ಮೂಲೆಯಲ್ಲಿ ಹಳೇ ರೆಕಾರ್ಡ್ ಪ್ಲೇಯರ್ ಇತ್ತು, ಗಿರಾಕಿಗಳಿಗೆ ಹಾಡು ಹಾಕಲು. ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡವನೊಬ್ಬ ಕುರ್ಚಿಯಲ್ಲಿ ಒರಗಿದ್ದ.

“ನಿನ್ನ ಹತ್ರ ಒಂದಿತ್ತಲ್ಲ? ಕೊಡೋ, ಕಾಲಿಗೆ ಬೀಳ್ತೀನಿ.”

ಕೊಳಲು ಕನ್ನಡಿಯ ಮುಂದಿನ ಕಪ್ಪು ಬಟ್ಟಲೊಂದನ್ನು ಎತ್ತಿಕೊಟ್ಟ. ಅದರೊಳಗೆ ಬ್ರಶ್ಶು, ಸ್ಫಟಿಕದ ಕಲ್ಲು. ಬಟ್ಟಲಿನ ಅಂಚು ಹೂವಿನ ದಳದ ಹಾಗೆ ಬಾಗಿತ್ತು. ತಳದಲ್ಲಿ ಒಂದು ದುಂಡನೆಯ ಕಾಗದ, ಅದರಲ್ಲಿ ಅರ್ಧ ಅಳಿಸಿದ ಮೀನು.

“ರೆಕಾರ್ಡನ್ನ ಬಿಸಿನೀರಲ್ಲಿ ಅದ್ದಿ ಒತ್ತಿದ್ರೆ ಬಟ್ಟಲಾಗುತ್ತೆ ಅಂತ ಯಾರೋ ಹೇಳಿದ್ರು” ಎಂದ ಕೊಳಲು, ತಲೆಯೆತ್ತದೆ. “ಯಾರೂ ಕೇಳೋರಿರಲಿಲ್ಲ ಕಣೋ. ಆಗ ಪ್ಲೇಯರ್ರೂ ಕೆಟ್ಟು ಕೂತಿತ್ತು. ಮಾಡಿಬಿಟ್ಟೆ.”

ಗಾಜಿನವ ಆ ಬಟ್ಟಲನ್ನು ಹಿಡಿದು ನಿಂತ. ಬೆರಳಿಗೆ ಗೆರೆಗಳು ಹತ್ತುತ್ತಿದ್ದವು. ಹೆಂಡತಿಯ ದನಿ ಅದರೊಳಗೇ ಇತ್ತು, ಸೋಪಿನ ನೊರೆಯ ಕೆಳಗೆ. ಅವನ ಭುಜ ಅಲುಗತೊಡಗಿದ್ದನ್ನು ಕಂಡು ಕುರ್ಚಿಯ ಗಿರಾಕಿ ನೊರೆ ಹಚ್ಚಿದ ಮುಖದಲ್ಲೇ ಎದ್ದು ಕೂತ.

“ಇರು, ಇರು” ಎಂದು ಕೊಳಲು ಖಾನೆ ಎಳೆದು ತಡಕಾಡಿದ. “ಕೆಲವು ವರ್ಷದ ಕೆಳಗೆ ಒಬ್ಬರು ಹಲ್ಲಿನ ಡಾಕ್ಟರು ಬಂದಿದ್ರು, ಇದನ್ನೇ ಹುಡುಕ್ಕೊಂಡು. ಬಟ್ಟಲು ತೋರಿಸಿದೆ. ಹೆಣ ನೋಡಿದೋರ ಹಾಗೆ ಕೂತ್ಬಿಟ್ರು ಪಾಪ. ಆಮೇಲೆ ಒಂದು ಸಿಕ್ತು ಅಂತ ಫೋನ್ ಮಾಡಿದ್ರು. ತಗೋ, ಅವರ ಕಾರ್ಡು.”

ರೈಲಿನಲ್ಲಿ ಅರ್ಧ ದಿನದ ದಾರಿ. ಡಾಕ್ಟರ ಮನೆಯ ಮುಂಭಾಗವೇ ದವಾಖಾನೆ. ಕೆನ್ನೆ ಹಿಡಿದುಕೊಂಡವರ ಸಾಲು. ತಾನು ಯಾರೆಂದು ಹೇಳಿದ ಕೂಡಲೇ ಡಾಕ್ಟರು ಕೈಗವಸು ಕಿತ್ತೆಸೆದು ಅವನನ್ನು ಒಳಕೋಣೆಗೆ ಎಳೆದುಕೊಂಡೇ ಹೋದರು. ಗೋಡೆಯ ಉದ್ದಕ್ಕೂ ರೆಕಾರ್ಡುಗಳು. ನಡುವೆ, ಬೀಗ ಹಾಕಿದ ಗಾಜಿನ ಕಪಾಟಿನೊಳಗೆ ಒಂಟಿಯಾಗಿ, ಬಿಳಿಯ ಹೊದಿಕೆಯ ಮೇಲೆ ಆ ಮೀನು. ಮುದ್ರೆ ಒಂಚೂರು ಓರೆಯಾಗಿತ್ತು. ಓರೆಯಾಗಿ ಒತ್ತುತ್ತಿದ್ದವನು ತಾನೇ, ಅದಕ್ಕಾಗಿ ಗುಬ್ಬಿಯ ಅಣ್ಣನಿಂದ ಬೈಸಿಕೊಂಡದ್ದೂ ನೆನಪಾಯಿತು.

“ಕ್ರೈಸ್ತ ಸೈಕೆಡೆಲಿಕ್ ಫೋಕ್ ರಾಕ್” ಎಂದರು ಡಾಕ್ಟರು, ಮಂತ್ರ ಹೇಳುವವರ ಹಾಗೆ. “ಅಮಲೇರಿಸೋ ಭಕ್ತಿಗೀತೆ ಅಂತಾರೆ. ಸ್ವಂತವಾಗಿ ಅಚ್ಚು ಹಾಕಿಸಿದ್ದು. ಇಂಥದ್ದು ಎಲ್ಲೂ ಇಲ್ಲ ಸಾರ್. ನೀವು ಡ್ರಮ್ಮಿನವರಾ? ನನ್ನ ಮನೆಗೆ ಬಂದಿದ್ದೀರಾ!”

“ಕೇಳಿದ್ರೆ ಹೇಗನ್ನಿಸ್ತು?”

“ಕೇಳಿಲ್ಲ.”

ಗಾಜಿನವನಿಗೆ ಅರ್ಥವಾಗಲಿಲ್ಲ.

“ಸೂಜಿ ಸೋಕದ ಪ್ರತಿ ಇದು. ಬಹುಶಃ ಇದೊಂದೇ. ಒಂದ್ಸಲ ಸೂಜಿ ಇಟ್ಟರೆ ಮುಗೀತು, ಅದು ಇದಾಗಿರಲ್ಲ.” ತಗ್ಗಿದ ದನಿಯಲ್ಲಿ ಸೇರಿಸಿದರು. “ನಿಜ ಹೇಳಬೇಕಂದ್ರೆ ಭಯ. ಇಷ್ಟು ವರ್ಷ ಹುಡುಕಿದ್ದು ಚೆನ್ನಾಗಿಲ್ಲದಿದ್ರೆ?”

ಗಾಜಿನವ ಎಲ್ಲವನ್ನೂ ಹೇಳಿದ. ಗೆಡ್ಡೆ, ಸಿಳ್ಳೆ, ಮುಂದಿನ ವಾರ, ಬೇಡವೆಂದು ಕೂತ ಹೆಂಡತಿ. ಒಂದೇ ಒಂದು ಸಲ ಕೇಳಿಸಿ ತಂದುಕೊಡುತ್ತೇನೆಂದ. ಡಾಕ್ಟರ ಕಣ್ಣು ಒದ್ದೆಯಾಯಿತು, ತಲೆ ಮಾತ್ರ ಅಡ್ಡಡ್ಡ ಆಡಿತು. ಬೇರೆ ಏನು ಸಹಾಯ ಬೇಕಾದರೂ ಮಾಡುತ್ತೇನೆ, ಒಳ್ಳೆಯ ಸರ್ಜನ್ ಗೆಳೆಯರಿದ್ದಾರೆ, ಇದೊಂದನ್ನು ಕೇಳಬೇಡಿ ಎಂದರು. ಗಾಜಿನವ ನೆಲಕ್ಕೆ ಮಂಡಿಯೂರಿದ. ಡಾಕ್ಟರು ಗಾಬರಿಯಾಗಿ ಅವನ ತೋಳು ಹಿಡಿದೆತ್ತುವಾಗ ನರ್ಸು ಬಾಗಿಲಲ್ಲಿ ಕಾಣಿಸಿಕೊಂಡಳು. ಹಲ್ಲು ಕೀಳಿಸಿಕೊಂಡವರಿಗೆ ರಕ್ತ ನಿಲ್ಲುತ್ತಿಲ್ಲವೆಂದಳು.

“ಕೂತಿರಿ, ಬಂದೆ. ಕಾಫಿ ಕುಡಿದೇ ಹೋಗಬೇಕು” ಎಂದು ಡಾಕ್ಟರು ಹೊರಟರು.

ಕಪಾಟಿನ ಬೀಗ ಭದ್ರವಾಗಿತ್ತು. ಆದರೆ ಗಾಜನ್ನು ಹಿಡಿದಿದ್ದದ್ದು ತೆಳುವಾದ ಮರದ ಪಟ್ಟಿ, ನಾಲ್ಕು ಸಣ್ಣ ಮೊಳೆ. ಜೇಬಿನಲ್ಲಿ ಸದಾ ಇರುತ್ತಿದ್ದ ಚಾಕುವನ್ನು ಅವನು ತೆಗೆದದ್ದು ಯೋಚಿಸಿ ಅಲ್ಲ. ಪಟ್ಟಿ ಕಳಚಿತು, ಗಾಜು ಅಂಗೈಗೆ ಬಂತು. ರೆಕಾರ್ಡನ್ನು ಕೋಟಿನೊಳಗೆ ತುರುಕಿಕೊಂಡ ಮೇಲೆ, ತೆರೆದ ಕಪಾಟು ಬಿಟ್ಟುಹೋಗಲು ಕಸುಬಿನ ಕೈ ಕೇಳಲಿಲ್ಲ. ಗಾಜನ್ನು ಮತ್ತೆ ಕೂರಿಸಿ, ಪಟ್ಟಿ ಒತ್ತಿ, ಬೆರಳಚ್ಚನ್ನು ತೋಳಿನಿಂದ ಒರೆಸಿದ. ಹಿತ್ತಲ ಬಾಗಿಲಿನಿಂದ ಬೀದಿಗಿಳಿದ.

ರೈಲಿನಲ್ಲಿ ಕಿಟಕಿಯ ಪಕ್ಕ ಕೂತವನಿಗೆ, ಎದೆಗೆ ಅವುಚಿಕೊಂಡ ರಟ್ಟಿನ ಚೂಪು ಮೂಲೆ ಪಕ್ಕೆಗೆ ಚುಚ್ಚುತ್ತಿತ್ತು. ಹುಟ್ಟಿದಾಗಿನಿಂದ ಯಾರ ಒಂದು ಮೊಳೆಯನ್ನೂ ಎತ್ತಿದವನಲ್ಲ. “ಕರ್ತನೇ, ಕದ್ದಿದ್ದೀನಿ” ಎಂದು ಒಳಗೊಳಗೇ ಹೇಳಿಕೊಂಡ. “ಕ್ಷಮಿಸು ಅಂತ ಈಗಲೇ ಕೇಳಲ್ಲ. ಕೇಳಿದ್ರೆ ವಾಪಸ್ ಕೊಡು ಅಂತೀಯ.”

ಮರುದಿನ ಬೆಳಿಗ್ಗೆ ಕೊಳಲು ಪ್ಲೇಯರನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ಬಂದ, ಎಂದೋ ರಿಪೇರಿ ಮಾಡಿಸಿದ್ದು ಪುಣ್ಯ ಎನ್ನುತ್ತ. ಮಗಳು ಆಸ್ಪತ್ರೆಗೆ ಹೋಗಿದ್ದಳು, ಅಮ್ಮನಿಗೆಂದು ಇಟ್ಟಿದ್ದ ಆಪರೇಷನ್ ದಿನವನ್ನು ಬೇರೆಯವರಿಗೆ ಕೊಡಬೇಡಿ ಎಂದು ಅಂಗಲಾಚಲು. ಗುಬ್ಬಿ, ಮಲಗಿದರೆ ಉಸಿರು ಸಿಕ್ಕದೆ, ಗೋಡೆಗೊರಗಿ ಕೂತಿದ್ದಳು. ಗಂಡ ಬಿಳಿ ಹೊದಿಕೆಯನ್ನು ಮಡಿಲಲ್ಲಿಟ್ಟಾಗ ಅವಳ ಬೆರಳು ಮೀನಿನ ಮೇಲೆ ಹರಿದಾಡಿತು.

“ಎಲ್ಲಿತ್ತು?”

“ಸಿಕ್ತು. ಮೊದಲು ಕೇಳು.”

ಸೂಜಿ ಇಳಿಯಿತು. ಮೊದಲು ಕರಕರ, ಆಮೇಲೆ ಭಾವನ ಗಿಟಾರು, ಕೋಣೆಯ ತಗಡಿನ ಡಬ್ಬಿಗಳೆಲ್ಲ ನಡುಗುವ ಹಾಗೆ. ಹಿಂದುಮುಂದಾಗಿ ಓಡುವ ಆರ್ಗನ್ನು, ನೀರಿನೊಳಗಿಂದ ಗಂಟೆ ಬಾರಿಸಿದ ಹಾಗೆ. ಗುಬ್ಬಿ ಕಣ್ಣು ಮುಚ್ಚಿದಳು. “ಅಣ್ಣ” ಎಂದಳು, ಬಾಗಿಲಲ್ಲಿ ಅವನನ್ನು ಕಂಡವಳ ಹಾಗೆ. ಆ ಸದ್ದು ತಗ್ಗುತ್ತಿದ್ದಂತೆ ತೊಟ್ಟಿಯೊಳಗಿಂದ ಒಂದು ಹುಡುಗಿಯ ದನಿ ಎದ್ದು ಬಂತು.

ನೀರು ಗಂಟಲಿಗೆ ಬಂತು, ತಂದೆ,
ಕಾಲಿಗೆ ನೆಲ ಸಿಕ್ಕಲಿಲ್ಲ.
ಕರೆದ ಕರೆ ನಿನಗೆ ಕೇಳಿತೋ ಇಲ್ಲವೋ,
ಕರೆಯುವುದ ನಾ ಬಿಡಲಿಲ್ಲ.

ಕೊಳಲು ಮುಖ ಮುಚ್ಚಿಕೊಂಡ. ಗಾಜಿನವ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಹಾಡು ಮುಗಿಯಿತು. “ಇನ್ನೊಂದ್ಸಲ” ಎಂದಳು. ಮತ್ತೆ ಹಾಕಿದರು. ಅದೂ ಮುಗಿದಾಗ ಅವಳು ಕಣ್ಣು ತೆರೆದಳು. ಅದರಲ್ಲಿ ನೀರಿರಲಿಲ್ಲ.

“ಈ ಹುಡುಗಿಗೆ ಏನೂ ಗೊತ್ತಿಲ್ಲ.”

“ಏನಂದೆ?”

“ನೀರು ಗಂಟಲಿಗೆ ಬಂತು ಅಂತಾಳೆ, ಸ್ನಾನಕ್ಕೆ ಇಳಿದೋಳ ಹಾಗೆ. ದನಿ ಚೆನ್ನಾಗಿದೆ ಅಂತ ಅವಳಿಗೇ ಗೊತ್ತು, ಅದನ್ನೇ ತೋರಿಸ್ಕೊತಿದ್ದಾಳೆ. ಅಣ್ಣನ್ನ ಮಣ್ಣಿಗಿಟ್ಟಾಗ ನಾನು ಹಾಡಿದ್ದು ಇದಲ್ಲ. ನಮ್ಮ ಮೊದಲನೇ ಮಗು ಉಳೀದೆ ಇದ್ದಾಗ, ಬಟ್ಟೆ ಯಂತ್ರದ ಮುಂದೆ ನಿಂತು ಹಾಡಿದ್ದು ಇದಲ್ಲ. ಅದ್ಯಾವುದೂ ಈ ತಟ್ಟೆಯಲ್ಲಿ ಇಲ್ಲ ರೀ.”

ಗಾಜಿನವ ನೆಲದ ಮೇಲೆ ಕುಸಿದು ಕೂತ. ಇದ್ದದ್ದೊಂದು ದಾರಿ, ಕಳ್ಳನಾಗಿ ತಂದದ್ದು, ಅದೂ ಮುಚ್ಚಿತು. ಕೆಲಸ ಕೆಟ್ಟದ್ದಷ್ಟೇ ಅಲ್ಲ, ಕಳೆದುಕೊಳ್ಳಲಿರುವುದು ಏನೆಂದು ಅವಳಿಗೆ ಇನ್ನಷ್ಟು ನಿಚ್ಚಳವಾಗಿ ತೋರಿಸಿಕೊಟ್ಟ ಹಾಗಾಯಿತು. ಅವನಿಗೆ ತನ್ನ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಬೇಕೆನ್ನಿಸಿತು.

ಆಗಲೇ ಬಾಗಿಲು ಬಡಿದದ್ದು. ಬಡಿದವರು ಕಾಯದೆ ಒಳಗೆ ಬಂದರು. ಹಲ್ಲಿನ ಡಾಕ್ಟರು, ಕ್ಷೌರವಿಲ್ಲದ ಮುಖ, ಸುಕ್ಕಾದ ಅಂಗಿ. ಕೊಳಲಿನ ಅಂಗಡಿಯ ಬೀದಿಯಲ್ಲಿ ಮನೆ ವಿಚಾರಿಸಿಕೊಂಡು ಬಂದಿದ್ದರು. ತಿರುಗುತ್ತಿದ್ದ ತಟ್ಟೆಯನ್ನು ಕಂಡು ಬಾಯಿ ತೆರೆದು ನಿಂತರು.

“ಹಾಕಿಬಿಟ್ಟಿರಾ?” ಎಂದರು. “ಅಯ್ಯೋ, ಹಾಕೇಬಿಟ್ಟಿರಾ!”

“ಇವರು ಯಾರು?” ಗುಬ್ಬಿ ಕೇಳಿದಳು.

“ರೆಕಾರ್ಡಿನ ಯಜಮಾನ್ರು” ಎಂದ ಗಾಜಿನವ, ಕೂತಲ್ಲಿಂದಲೇ. “ಕೊಡಲ್ಲ ಅಂದ್ರು. ಕದ್ದೆ.”

ಗುಬ್ಬಿ ಗಂಡನ ಕಡೆ ನೋಡಿದಳು. ನೋಡುತ್ತಲೇ ಇದ್ದಳು. ಪಕ್ಕದ ಮನೆಯ ಒಡೆದ ಗಾಜಿನ ಚೂರನ್ನೂ ಕೇಳಿ ಎತ್ತಿಕೊಳ್ಳುವ ಈ ಮನುಷ್ಯ ಕಳ್ಳತನಕ್ಕೆ ಇಳಿದನೆಂದರೆ ಅವನಿಗೆ ಎಷ್ಟು ದಿಕ್ಕು ತಪ್ಪಿರಬೇಕೆಂದು ಅವಳಿಗೆ ಮೊದಲ ಸಲ ಹೊಳೆದಂತಿತ್ತು. ಗೋಡೆ ಹಿಡಿದು ಎದ್ದಳು.

“ಕೂತ್ಕೊಳ್ಳಿ ಡಾಕ್ಟ್ರೇ. ನಿಮ್ಮ ತಟ್ಟೆ ಹೇಗೂ ಕೆಟ್ಟಿತು. ಇದನ್ನ ಹಾಡೋದು ಹೇಗೆ ಅಂತಾನಾದ್ರೂ ಕೇಳ್ಕೊಂಡು ಹೋಗಿ. ಕೊಳಲಣ್ಣ, ಮೊದಲಿಂದ ಹಾಕು.”

“ಗುಬ್ಬಿ, ಬೇಡ. ಉಸಿರು ಸಿಕ್ತಿಲ್ಲ ನಿನಗೆ.”

“ರೀ, ಸುಮ್ನೆ ತಾಳ ಹಿಡೀರಿ.”

ಅವನು ಕೈಗೆ ಸಿಕ್ಕ ಮರದ ಪೆಟ್ಟಿಗೆಯನ್ನು ಕಾಲುಗಳ ನಡುವೆ ಇಟ್ಟುಕೊಂಡ. ಬೆರಳು ತಾವಾಗಿ ನೆನಪು ಮಾಡಿಕೊಂಡವು. ಹುಡುಗಿ ಹಾಡತೊಡಗಿದಳು, ಹಗುರವಾಗಿ, ಎತ್ತರದಲ್ಲಿ. ಅವಳ ಕೆಳಗೆ ಈ ಹೆಂಗಸು. ಅದನ್ನು ದನಿ ಎನ್ನುವ ಹಾಗಿರಲಿಲ್ಲ. ಒಡೆದ, ಗೊರಗೊರ ಎನ್ನುವ, ಪ್ರತಿ ಸಾಲಿನ ನಡುವೆ ಸಿಳ್ಳೆಯ ಉಸಿರೆಳೆದುಕೊಳ್ಳುವ ಸದ್ದು. ಹುಡುಗಿ ಮುಂದೆ ಮುಂದೆ ಹೋಗುತ್ತಿದ್ದಳು, ಇವಳು ಹಿಂದೆ ಬೀಳುತ್ತಿದ್ದಳು, ಎಲ್ಲೋ ಒಂದು ಪದದಲ್ಲಿ ಹಿಡಿಯುತ್ತಿದ್ದಳು, ಮತ್ತೆ ಬಿಡುತ್ತಿದ್ದಳು. ‘ಕಾಲಿಗೆ ನೆಲ ಸಿಕ್ಕಲಿಲ್ಲ’ ಎಂಬಲ್ಲಿ ಅವಳಿಗೆ ನಿಜವಾಗಿಯೂ ಉಸಿರು ಸಿಕ್ಕಲಿಲ್ಲ. ಕುತ್ತಿಗೆಯ ನರಗಳು ಹಗ್ಗದ ಹಾಗೆ ಎದ್ದವು. ಕೊಳಲು ತನ್ನ ಹಳೇ ಸ್ವರಗಳನ್ನು ಬಾಯಲ್ಲೇ ಗುನುಗತೊಡಗಿದ, ಅಳುತ್ತ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅವಳಲ್ಲಿ ಸ್ವರವೇ ಉಳಿದಿರಲಿಲ್ಲ. ಬರೀ ಗಾಳಿ. ‘ಕರೆಯುವುದ ನಾ ಬಿಡಲಿಲ್ಲ’ ಎಂಬುದನ್ನು ಆ ಗಾಳಿಯಲ್ಲೇ, ಒಂದೊಂದೇ ಅಕ್ಷರವಾಗಿ, ಹೊರಗೆ ನೂಕಿದಳು. ಹೆದರಿಕೆಯಿಂದ ಗಾಜಿನವನ ಕೈ ತಾಳ ತಪ್ಪಿತು. ಅವಳು ಬೆರಳೆತ್ತಿ ಅವನನ್ನು ಮತ್ತೆ ತಾಳಕ್ಕೆ ತಂದಳು, ಮುಗಿಸಿದಳು.

ಆಮೇಲೆ ಕೆಮ್ಮು. ಮೇಜು ಅಲುಗಿ, ಸೂಜಿ ಜಾರಿ, ತಟ್ಟೆಯ ಮೇಲೆ ಗೀರು ಎಳೆದುಕೊಂಡು ಹೋಯಿತು. ಕರವಸ್ತ್ರದಲ್ಲಿ ರಕ್ತ. ಗಂಡ ಅವಳನ್ನು ತಬ್ಬಿ ಹಿಡಿದುಕೊಂಡ. ಉಸಿರು ಮರಳಿದ ಮೇಲೆ ಅವಳು ಅವನ ಕಿವಿಯ ಬಳಿ ಬಾಯಿ ತಂದಳು.

“ಆಯ್ತು. ಅಣ್ಣ ಅದರಲ್ಲಿದ್ದಾನೆ ಬಿಡಿ, ಆ ಗುಟುರೆಲ್ಲ ಅವನದ್ದೇ. ನಾನೇ ಹೊತ್ಕೊಂಡು ತಿರುಗಬೇಕಾಗಿಲ್ಲ. ನನ್ನ ಪಾಲಿಂದು ಒಂದಿಷ್ಟು ಉಳಿದಿತ್ತು, ಹಾಡಿದೆ.” ಸ್ವಲ್ಪ ಸುಧಾರಿಸಿಕೊಂಡಳು. “ಆಸ್ಪತ್ರೆಗೆ ಹೇಳಿ. ಕೊಯ್ಯಲಿ.”

ಹಲ್ಲಿನ ಡಾಕ್ಟರು ಎದ್ದು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಗೀರನ್ನು ನೋಡಿದರು. ಅಂಗಿಯ ತುದಿಯಿಂದ ಒರೆಸಿ ಹೊದಿಕೆಯೊಳಗೆ ಇಳಿಸಿದರು.

“ನೀವು ಮಾಡಿದ್ದು ಕಳ್ಳತನ” ಎಂದರು ಗಾಜಿನವನಿಗೆ.

“ಹೌದು.”

“ದೂರು ಕೊಡೋಣ ಅಂತಲೇ ಬಂದಿದ್ದೆ.”

“ಕೊಡಿ ಡಾಕ್ಟ್ರೇ.”

ಅವರು ರೆಕಾರ್ಡನ್ನು ಬಗಲಿಗೆ ಸೇರಿಸಿ, ಗುಬ್ಬಿಯತ್ತ ಒಮ್ಮೆ ನೋಡಿ, ಹೊರಟುಹೋದರು. ದೂರು ಬರಲಿಲ್ಲ. ಕ್ಷಮಿಸಿದೆನೆಂಬ ಮಾತೂ ಬರಲಿಲ್ಲ.

ಮಗಳು ಬಂದು ವಿಷಯ ಕೇಳಿ ಅಮ್ಮನ ಕಾಲನ್ನು ತಬ್ಬಿಕೊಂಡಳು. ಆಮೇಲೆ ತಟ್ಟನೆ ತಲೆಯೆತ್ತಿದಳು. “ಹಾಡಿದ್ದು ಫೋನಲ್ಲಿ ಹಿಡ್ಕೊಂಡ್ರಿ ತಾನೇ?”

ಗಂಡಸರಿಬ್ಬರೂ ಮುಖ ಮುಖ ನೋಡಿಕೊಂಡರು.

“ಒಬ್ಬರಿಗೂ ತೋಚಲಿಲ್ವಾ ಅಪ್ಪ?”

“ತೋಚಲಿಲ್ಲಮ್ಮ.”

ಆಪರೇಷನ್ನಿನ ದಿನ ಬಟ್ಟೆ ವಿಭಾಗದ ಹೆಂಗಸರೆಲ್ಲ ಪಾಳಿ ಬಿಟ್ಟು ಬಂದು ಓಣಿಯಲ್ಲಿ ಸಾಲಾಗಿ ಕೂತಿದ್ದರು. ಒಳಗೆ ಹೋದ ಹಸಿರು ಬಟ್ಟೆಗಳನ್ನು ಅವರೇ ಬೆಳಿಗ್ಗೆ ಇಸ್ತ್ರಿ ಮಾಡಿದ್ದರು. ಗಾಜಿನವನಿಗೆ ಯಾರೋ ತಿನ್ನಲು ಕೊಟ್ಟರು, ಅದು ಅವನ ಕೈಯಲ್ಲೇ ಒಣಗಿತು. ಮಧ್ಯಾಹ್ನ ಇಳಿದ ಮೇಲೆ ಡಾಕ್ಟರು ಹೊರಬಂದು, ಗೆಡ್ಡೆಯನ್ನು ಪೂರ್ತಿ ತೆಗೆದಿದ್ದೇವೆ, ಅಂಚುಗಳ ಪರೀಕ್ಷೆ ಬರಬೇಕು ಎಂದರು. ಪರೀಕ್ಷೆಯೂ ಒಳ್ಳೆಯದೇ ಬಂತು. ಜೀವ ಉಳಿಯಿತು ಎಂದು ಎಲ್ಲರೂ ಕೈಮುಗಿದರು.

ಅವನು ಒಳಗೆ ಹೋಗಿ ನೋಡಿದಾಗ ಗುಬ್ಬಿ ಎಚ್ಚರವಾಗಿದ್ದಳು. ಕತ್ತಿನಲ್ಲಿ ಕೊಳವೆ. ಗಂಡನನ್ನು ಕಂಡು ಬಾಯಿ ಅಗಲವಾಗಿ ತೆರೆದಳು, ಮುಖವೆಲ್ಲ ಕಿವುಚಿತು, ಕಣ್ಣಿಂದ ನೀರು ಇಳಿಯಿತು. ಸದ್ದಿಲ್ಲ. ಅಳುವುದಕ್ಕೂ ದನಿ ಬೇಕೆಂದು ಅವನಿಗೆ ಅದುವರೆಗೆ ಗೊತ್ತಿರಲಿಲ್ಲ. ಅವಳ ಬದಲು ತಾನು ಜೋರಾಗಿ ಅತ್ತ. ನರ್ಸು ಬಂದು ಹೊರಗೆ ಕಳಿಸಿದಳು.

ಮನೆಗೆ ಬಂದ ಮೇಲಿನ ದಿನಗಳು ಅದಕ್ಕಿಂತ ಕೆಟ್ಟವು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಮಗಳು ತಂದಿಟ್ಟ ಸ್ಲೇಟನ್ನು ಮಂಚದಡಿಗೆ ತಳ್ಳಿದಳು. ತುಟಿ ಅಲುಗಿಸಿಯಾದರೂ ಹೇಳು ಎಂದರೆ ತುಟಿಯನ್ನು ಇನ್ನಷ್ಟು ಬಿಗಿದಳು. ಇಡೀ ಮನೆಯಲ್ಲಿ ಕೊಳವೆಯೊಳಗಿನ ಗಾಳಿಯ ಸದ್ದು ಒಂದೇ. ಬದುಕಿಸಿದ್ದು ತಪ್ಪಾಯಿತೇನೋ ಎಂದು ಗಾಜಿನವ ಅಂಗಡಿಯಲ್ಲಿ ಗಾಜು ಕೊಯ್ಯುತ್ತ ಯೋಚಿಸುತ್ತಿದ್ದ, ಕೈ ಕೊಯ್ದುಕೊಳ್ಳುತ್ತಿದ್ದ. ಮಾತಾಡಲು ಜೊತೆಯಿಲ್ಲದೆ ತಾನೇ ಇಬ್ಬರ ಮಾತನ್ನೂ ಆಡತೊಡಗಿದ. “ಅನ್ನ ಹಾಕಲಾ? ಹಾಕಿ ರೀ. ಸಾಕಾ? ಸಾಕು.” ಅವಳು ತಿರುಗಿಯೂ ನೋಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕೊಳವೆ ತೊಳೆಯಲು ಅವನು ಕನ್ನಡಿ ಹಿಡಿದು ಅವಳ ಮುಂದೆ ಕೂತಿದ್ದ. ಅವಳು ಬಗ್ಗಿ ಹತ್ತಿಯಿಂದ ಒರೆಸಿಕೊಳ್ಳುತ್ತಿದ್ದವಳು ಇದ್ದಕ್ಕಿದ್ದಂತೆ ತಲೆಯೆತ್ತಿ, ಅವನ ಕಡೆ ನೋಡಿ ತುಟಿ ಆಡಿಸಿದಳು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ.

“ಏನು? ನೋವಾ?”

ತಲೆ ಅಲ್ಲಾಡಿಸಿ ಮತ್ತೆ ಅದನ್ನೇ ಹೇಳಿದಳು, ಬಾಯಿ ದೊಡ್ಡದು ಮಾಡಿ.

“ಡಾಕ್ಟರ್‌ನ ಕರೀಲಾ?”

ಹಣೆ ಬಡಿದುಕೊಂಡಳು. ಮತ್ತೊಮ್ಮೆ.

“ಪ್ರಾರ್ಥನೆ ಮಾಡಬೇಕಾ? ಮಾಡೋಣ, ಇಬ್ಬರೂ ಸೇರಿ ಮಾಡೋಣ…” ಅವನ ಕಣ್ಣು ತುಂಬಿ ಬಂತು. ಕನ್ನಡಿಯನ್ನು ಬದಿಗಿಟ್ಟು, ಅವಳ ಎರಡೂ ಕೈ ಹಿಡಿದು, ತಲೆ ಬಾಗಿಸಿದ.

ಅವಳು ಕೈ ಕಿತ್ತುಕೊಂಡು ಟವೆಲ್ಲಿನಿಂದ ಅವನ ತಲೆಗೆ ಒಂದು ಬಿಟ್ಟಳು. ಅಡುಗೆಮನೆಯ ಕಡೆ ಬೆರಳು ತೋರಿದಳು. ಆಗ ಅವನಿಗೆ ಸೀದ ವಾಸನೆ ಹತ್ತಿತು. ಒಲೆಯ ಮೇಲಿಟ್ಟು ಮರೆತ ಹಾಲು ಉಕ್ಕಿ, ಚೆಲ್ಲಿ, ಹೊಗೆಯಾಗಿ ಕೋಣೆಗೆ ಬರುತ್ತಿತ್ತು.

“ಹಾಲಾ!” ಎಂದು ಓಡಿದ. ಬೆರಳು ಸುಟ್ಟುಕೊಂಡು, ಪಾತ್ರೆಯನ್ನು ಧಡ್ಡನೆ ಕೆಳಗಿಟ್ಟು ಹಿಂತಿರುಗಿದಾಗ ಗುಬ್ಬಿ ಮಂಚದ ಮೇಲೆ ಮುಂದಕ್ಕೆ ಬಾಗಿದ್ದಳು. ಭುಜಗಳು ಅಲುಗುತ್ತಿದ್ದವು. ಕತ್ತಿನ ಕೊಳವೆಯಿಂದ ಗಾಳಿ ತುಂಡುತುಂಡಾಗಿ ಹೊರಬರುತ್ತಿತ್ತು. ಅಳುವೋ ಏನೋ ಎಂದು ಅವನು ಹೆದರಿ ಹತ್ತಿರ ಹೋಗಿ, ಗಲ್ಲ ಹಿಡಿದು ಮುಖ ಎತ್ತಿದ.

ನಗುತ್ತಿದ್ದಳು.